ಎತ್ತಿದ ಕೋಲು ಇಳಿಯುವ ತನಕ

ನಾನು ಒಂದು ತಟ್ಟುಮಣೆ. ಹೆಸರು ಕೇಳಿ ನಿಮಗೆ ಏನೂ ನೆನಪಾಗದಿದ್ದರೆ ನನಗೆ ಬೇಸರವಿಲ್ಲ. ನಾನು ಸಭೆಗೆ ಬಂದವಳಲ್ಲ, ಮನೆಯಲ್ಲೇ ಉಳಿದವಳು. ಭರತನಾಟ್ಯ ಹೇಳಿಕೊಡುವವರು ನೆಲದ ಮೇಲೆ ಕೂತು, ಮುಂದೊಂದು ಮರದ ತುಂಡು ಇಟ್ಟುಕೊಂಡು, ಮೊಳಕ್ಕಿಂತ ಕಡಿಮೆಯ ಕೋಲಿನಿಂದ ಅದರ ಮೇಲೆ ತಟ್ಟುತ್ತ ಮಕ್ಕಳಿಗೆ ಹೆಜ್ಜೆ ಹಾಕಿಸುವುದನ್ನು ನೋಡಿರುತ್ತೀರಿ. ಆ ಮರದ ತುಂಡು ನಾನು. ಹೊಡೆದರೆ ಮಾತ್ರ ನನಗೆ ಮಾತು. ಹೊಡೆಯದಿದ್ದರೆ ಎಷ್ಟು ಗೊತ್ತಿದ್ದರೂ ಸುಮ್ಮನಿರಬೇಕು. ನನ್ನ ಬದುಕಿನ ಸಂಕಟವೆಲ್ಲ ಇಷ್ಟರಲ್ಲೇ ಇದೆ.

ಹುಟ್ಟಿದ್ದು ಕೋಲಾರದ ಹತ್ತಿರದ ಒಂದು ರಸ್ತೆ ಬದಿ ಹುಣಸೆಮರದಲ್ಲಿ. ರಸ್ತೆ ಅಗಲ ಮಾಡಲು ಮರ ಉರುಳಿಸಿದರು. ಸಿದ್ದಲಿಂಗಾಚಾರಿ ಎಂಬ ಬಡಗಿ ಬುಡದ ಕಪ್ಪು ತಿರುಳನ್ನು ಎರಡು ತುಂಡು ಮಾಡಿದರು. ದೊಡ್ಡ ತುಂಡು, ಅಂದರೆ ನನ್ನ ಅಣ್ಣ, ಮಾಂಸದಂಗಡಿಯ ಕೊರಡಾಗಿ ಹೋದ. ಚಿಕ್ಕದು ನಾನು. ಆಚಾರಿಗಳು ನನ್ನ ಮೈ ನುಣ್ಣಗೆ ಮಾಡಿ, ಕೆಳಗಡೆ ಸ್ವಲ್ಪ ಕೊರೆದು ಪೊಳ್ಳು ಮಾಡಿ, ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಇಟ್ಟರು.

"ಇದರ ಹೊಟ್ಟೇಲಿ ದನಿ ಇದೆ ಕನಕಮ್ಮೋರೆ. ಸುಳ್ಳು ಹೇಳೋ ಮರ ಅಲ್ಲ ಇದು" ಅಂದರು.

ಆ ಮಾತು ನನಗೆ ಬಹಳ ದಿನ ಹೆಮ್ಮೆಯಾಗಿತ್ತು. ಈಗ ನೆನಪಾದರೆ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ. ಮುಚ್ಚಿಕೊಳ್ಳಲು ಕೈಯಿಲ್ಲ.

ನನ್ನನ್ನು ಮಾಡಿಸಿದವರು ಕನಕಮ್ಮ. ಕೋಟೆಯ ಕಡೆಯ ಒಂದು ಓಣಿಯಲ್ಲಿ ಅವರ ಮನೆ. ನಡುಮನೆಯಲ್ಲಿ ಕೆಂಪು ಗಾರೆ ನೆಲ, ಗೋಡೆಗೊಂದು ನಟರಾಜನ ಪಟ, ಮೂಲೆಯಲ್ಲಿ ನಾನು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಪಾಠ ಹೇಳುವವರನ್ನು ಬಿಟ್ಟು ಇನ್ನಾರೂ ನನ್ನ ಕೋಲನ್ನು ಮುಟ್ಟುವಂತಿಲ್ಲ. ಮಕ್ಕಳು ಬಂದಾಗ, ಹೋಗುವಾಗ ಬೆರಳ ತುದಿಯಿಂದ ನನ್ನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಕಸ ಗುಡಿಸುವವರೂ ನನ್ನ ಸುತ್ತ ಗುಡಿಸುತ್ತಿದ್ದರೇ ಹೊರತು ನನ್ನನ್ನು ಎತ್ತುತ್ತಿರಲಿಲ್ಲ.

ಕನಕಮ್ಮನ ಅಣ್ಣನ ಮಗ ಚಲಪತಿ. ಹದಿನೆಂಟನೇ ವಯಸ್ಸಿಗೆ ಪರೀಕ್ಷೆಯಲ್ಲಿ ನಪಾಸಾಗಿ ಅತ್ತೆಯ ಹತ್ತಿರ ಪಾಠಕ್ಕೆ ಬಂದ. ಹೆಜ್ಜೆ ಚೆನ್ನಾಗಿತ್ತು, ಅವಸರ ಜಾಸ್ತಿ. ಮೂರನೇ ಕಾಲ ಬಂತೆಂದರೆ ಕೋಲನ್ನೂ ಬಿಟ್ಟು ಮುಂದೆ ಹೋಗಿಬಿಡುತ್ತಿದ್ದ.

"ಯಾರೋ ಅಟ್ಟಿಸ್ಕೊಂಡು ಬರ್ತಿರೋದು ನಿನ್ನ? ನಾಯಿ ಬಿತ್ತಾ ಹಿಂದೆ?" ಎಂದು ಕನಕಮ್ಮ ಕೇಳುತ್ತಿದ್ದರು.

"ಮೂರನೇ ಕಾಲ ಅಂದ್ರೆ ಜೋರಾಗಿ ಹೋಗ್ಬೇಕಲ್ವಾ ಅತ್ತೆ?"

"ಕೋಲು ಒಂದೇ ಕಣೋ. ಮೊದಲ ಕಾಲದಲ್ಲಿ ಒಂದೇಟಿಗೆ ಒಂದು ಹೆಜ್ಜೆ. ಎರಡನೇದ್ರಲ್ಲಿ ಎರಡು, ಮೂರನೇದ್ರಲ್ಲಿ ನಾಲ್ಕು. ಅಷ್ಟೇ. ನಿನ್ನ ಪಾದ ಎಷ್ಟಾದ್ರೂ ಓಡಾಡ್ಲಿ, ನನ್ನ ಕೋಲು ಯಾಕೆ ಓಡ್ಬೇಕು?"

ಚಲಪತಿಗೆ ಅದು ತಲೆಗೆ ಹೋಗಲಿಲ್ಲ. ಆಗ ಕನಕಮ್ಮ ತಮ್ಮ ಗುರುಗಳ ಮನೆಯ ಒಂದು ಪರೀಕ್ಷೆ ಇಟ್ಟರು. ಎಂಟು ಏಟು ತಟ್ಟುವುದು; ಆಮೇಲೆ ಕೋಲನ್ನು ಮೇಲೆತ್ತಿ ಸುಮ್ಮನೆ ಹಿಡಿದುಕೊಳ್ಳುವುದು. ಇನ್ನೊಂದು ಎಂಟು ಏಟಿನಷ್ಟು ಹೊತ್ತು ಮನೆಯಲ್ಲಿ ಸದ್ದಿಲ್ಲ. ಕಲಿಯುವವರು ಬಾಯಲ್ಲಿ ಎಣಿಸಬಾರದು, ಬೆರಳು ಅಲ್ಲಾಡಿಸಬಾರದು. ಮುಂದಿನ ಏಟು ಎಲ್ಲಿ ಬೀಳಬೇಕೋ ಅಲ್ಲಿಗೆ ಸರಿಯಾಗಿ ಚಪ್ಪಾಳೆ ತಟ್ಟಬೇಕು. ಅದೇ ಕ್ಷಣಕ್ಕೆ ಕೋಲೂ ನನ್ನ ಮೇಲೆ ಇಳಿಯುತ್ತದೆ. ಎರಡು ಸದ್ದು ಒಂದಾದರೆ ಪಾಸು.

"ಕೋಲು ಮೇಲಿರೋವಾಗ ತಾಳ ಎಲ್ಲಿರುತ್ತೆ, ಅದನ್ನ ಹುಡುಕು" ಎನ್ನುತ್ತಿದ್ದರು ಕನಕಮ್ಮ.

ಚಲಪತಿಗೆ ಅದು ಸಿಕ್ಕಲು ಎರಡು ವರ್ಷ ಬೇಕಾಯಿತು. ಒಂದು ಬೆಳಿಗ್ಗೆ ಅವನ ಚಪ್ಪಾಳೆಯೂ ನನ್ನ ದನಿಯೂ ಒಂದೇ ಆಗಿ ಬಿತ್ತು. ಅತ್ತೆ ಕೋಲನ್ನು ಅವನ ಕೈಗೆ ಕೊಟ್ಟು, "ಎರಡು ಆವರ್ತ ನೀನು ತಟ್ಟು, ನಾನು ಕಾಫಿ ಕುಡ್ಕೊಂಡು ಬರ್ತೀನಿ" ಎಂದು ಎದ್ದುಹೋದರು. ಒಳಗೆ ಹೋಗಿ ಕಣ್ಣೊರೆಸಿಕೊಂಡರಂತೆ. ನನಗೆ ಕಾಣಲಿಲ್ಲ, ಅವರು ವಾಪಸು ಬಂದಾಗ ಕಾಫಿಯ ವಾಸನೆ ಇರಲಿಲ್ಲ, ಅಷ್ಟೆ.

ಕನಕಮ್ಮ ಹೋದ ಮೇಲೆ ನಾನು ಚಲಪತಿಯವಳಾದೆ. ಊರು ಅವರನ್ನು ಚಲಪತಿ ಮೇಷ್ಟ್ರು ಎಂದಿತು. ಕೈ ಬೇರೆಯಾದರೂ ಏಟಿನ ನಡುವಿನ ಅಂತರ ಅದೇ ಇತ್ತು. ವರ್ಷಗಟ್ಟಲೆ ಒಂದೇ ಜಾಗಕ್ಕೆ ಏಟು ಬಿದ್ದು ಬಿದ್ದು ನನ್ನ ನೆತ್ತಿಯ ಮೇಲೆ ಹುಣಸೆಬೀಜ ಕೂರುವಷ್ಟು ಒಂದು ಗುಳಿಯಾಯಿತು. ಅದರಿಂದಾಚೆ ಒಂದು ಗೀರೂ ಇರಲಿಲ್ಲ. ಹಾಗಿತ್ತು ಅವರ ಕೈ.

ಮದುವೆಯಾಗಿ ಅಲಮೇಲಮ್ಮ ಬಂದರು. ಅವರಿಗೆ ಸಂಗೀತ, ನಾಟ್ಯ ಯಾವುದೂ ಗೊತ್ತಿಲ್ಲ. ನಡುಮನೆಯ ಹಿಂದೆಯೇ ಅಡುಗೆಮನೆ. ಸಂಜೆ ಪಾಠ ನಡೆಯುವಾಗ ಅವರು ಒಳಗೆ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಮೊದಮೊದಲು ಬೇರೆ ಬೇರೆ ಸದ್ದಾಗಿದ್ದವು, ನಮ್ಮದು ಮತ್ತು ಅವರದು. ಕೆಲವು ತಿಂಗಳಲ್ಲಿ ಅವರ ಕೈ ಅವರಿಗೇ ಗೊತ್ತಿಲ್ಲದೆ ನಮ್ಮ ಜೊತೆ ಸೇರಿಕೊಂಡಿತು. ನನ್ನ ಮೇಲೆ ಕೋಲು ಬಿದ್ದಾಗ ಅಲ್ಲಿ ಕಾಯಿ ಒಂದು ಸಲ ತಿರುಗುತ್ತಿತ್ತು. ಈ ಸಂಗತಿ ಮೇಷ್ಟ್ರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಳಗಿನ ತುರಿಮಣೆ ನನಗೊಬ್ಬ ಗೆಳತಿಯ ಹಾಗಾಗಿದ್ದಳು.

ಹಂಸವೇಣಿ ಬಂದಾಗ ಅವಳಿಗೆ ಒಂಬತ್ತು ವರ್ಷ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಮ್ಮ ಸರೋಜಮ್ಮ ಬಟ್ಟೆ ಹೊಲಿಯುತ್ತಿದ್ದರು. ಮಗಳು ಮಾತೇ ಆಡದ ಹುಡುಗಿ. ಕೇಳಿದ್ದಕ್ಕೆ ತಲೆಯಾಡಿಸುವುದು, ಅದೂ ಅಮ್ಮನ ಸೆರಗಿನ ಹಿಂದಿನಿಂದ. ಮೇಷ್ಟ್ರು ತಮಾಷೆಗೆ ಮೊದಲ ದಿನವೇ ಪರೀಕ್ಷೆ ಇಟ್ಟರು.

"ನೋಡು ಪುಟ್ಟಿ, ನಾನು ಎಂಟು ತಟ್ತೀನಿ. ಆಮೇಲೆ ಕೋಲು ಎತ್ತಿ ಸುಮ್ನೆ ಇರ್ತೀನಿ. ನಾನು ಮತ್ತೆ ಯಾವಾಗ ತಟ್ಟಬೇಕೋ ಆವಾಗ ನೀನು ಚಪ್ಪಾಳೆ ಹೊಡಿ. ಬರಲ್ಲ ಬಿಡು, ಮೊದಲ ದಿನ ಯಾರಿಗೂ ಬಂದಿಲ್ಲ."

ಎಂಟು ತಟ್ಟಿದರು. ಕೋಲು ಎತ್ತಿದರು. ಹುಡುಗಿ ಕಿಟಕಿಯಾಚೆ ಏನೋ ನೋಡುತ್ತ ನಿಂತಿತ್ತು. ಗಮನವೇ ಇಲ್ಲ ಎಂದು ಮೇಷ್ಟ್ರು ನಗುತ್ತಿದ್ದರು. ಕೋಲು ಇಳಿಯಿತು. ಅದೇ ಕ್ಷಣಕ್ಕೆ ಪುಟ್ಟ ಚಪ್ಪಾಳೆ.

ಮೇಷ್ಟ್ರ ನಗು ನಿಂತಿತು. "ಇನ್ನೊಂದ್ಸಲ" ಅಂದರು. ಇನ್ನೊಂದು ಸಲವೂ ಹಾಗೆಯೇ. ಹದಿನಾರು ಮಾಡಿದರು, ಮೂವತ್ತೆರಡು ಮಾಡಿದರು. ಕೊನೆಗೆ, "ಓಣಿ ಕೊನೇಲಿರೋ ನಲ್ಲಿ ಮುಟ್ಟಿ ಬಾ" ಎಂದು ಕಳಿಸಿ, ತಮ್ಮೊಳಗೇ ತಾಳ ಇಟ್ಟುಕೊಂಡು ಕೂತರು. ಹುಡುಗಿ ಒದ್ದೆ ಕೈಯಲ್ಲಿ ಓಡಿ ಬಂದು ಹೊಸ್ತಿಲ ಮೇಲೆ ನಿಂತು ತಟ್ಟಿದ ಚಪ್ಪಾಳೆಯೂ ನನ್ನ ಮೇಲಿನ ಏಟೂ ಬೇರೆಯಾಗಲಿಲ್ಲ.

"ಎಲ್ಲಿಟ್ಕೊಂಡಿದ್ಯೇ ಇದನ್ನ?" ಎಂದು ಕೇಳಿದರು.

ಹಂಸವೇಣಿ ಸ್ವಲ್ಪ ಯೋಚಿಸಿ, "ಎಲ್ಲೂ ಇಟ್ಕೊಂಡಿಲ್ಲ ಮೇಷ್ಟ್ರೇ. ಅದೇ ಬರುತ್ತೆ" ಅಂದಳು.

ಅವತ್ತು ಮೇಷ್ಟ್ರು ಅಡುಗೆಮನೆಗೆ ಹೋಗಿ, "ಅತ್ತೆ ಮಣೆಗೆ ವಾರಸುದಾರ್ತಿ ಸಿಕ್ಕಿದ್ಲು ಕಣೇ" ಅಂದಿದ್ದು ನನಗೆ ಕೇಳಿಸಿತು.

ಹತ್ತು ವರ್ಷ ಅವಳು ನನ್ನ ಮುಂದೆ ಕುಣಿದಳು. ಅವಳ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಬೇರೆ ಮಕ್ಕಳು ಕೋಲಿನ ಹಿಂದೆ ಹೋಗುತ್ತಿದ್ದರು. ಏಟು ಕೇಳುವುದು, ಆಮೇಲೆ ಹೆಜ್ಜೆ ಇಡುವುದು. ನಡುವೆ ಕೂದಲೆಳೆಯಷ್ಟು ತಡ. ಹಂಸವೇಣಿ ಕೋಲಿನ ಜೊತೆ ಹೋಗುತ್ತಿದ್ದಳು. ಕೋಲು ಇನ್ನೂ ಗಾಳಿಯಲ್ಲಿರುವಾಗಲೇ ಅವಳ ಪಾದವೂ ಹೊರಟಿರುತ್ತಿತ್ತು. ಕೋಲು ನನ್ನನ್ನೂ ಪಾದ ನೆಲವನ್ನೂ ಒಟ್ಟಿಗೆ ಮುಟ್ಟುತ್ತಿದ್ದವು. ಆಗ ನನ್ನ ದನಿಗೆ ಒಂದು ತೂಕ ಬರುತ್ತಿತ್ತು. ನಾನು ಬರೀ ಮರವಲ್ಲ ಅನ್ನಿಸುತ್ತಿತ್ತು.

ಅವಳ ಹತ್ತೊಂಬತ್ತನೇ ವರ್ಷಕ್ಕೆ ರಂಗಪ್ರವೇಶ ಎಂದು ಮಾತಾಯಿತು. ಸರೋಜಮ್ಮ ಹಸಿರು ರೇಷ್ಮೆ ಸೀರೆ ಕತ್ತರಿಸಿ ತಾವೇ ಉಡುಪು ಹೊಲಿಯತೊಡಗಿದರು. ಅದು ಅವರ ಮದುವೆಯ ಸೀರೆ.

ಆ ವರ್ಷವೇ ಮೇಷ್ಟ್ರ ಕೈಯಲ್ಲಿ ಏನೋ ಬದಲಾಗುತ್ತಿದೆ ಎಂದು ನನಗೆ ಗೊತ್ತಾಯಿತು. ಮೊದಲು ಗೊತ್ತಾಗಿದ್ದು ನನಗೇ. ಪಾಠ ಶುರು ಮಾಡುವಾಗ ಸರಿಯಾದ ಕಾಲವನ್ನೇ ಹಿಡಿಯುತ್ತಿದ್ದರು. ನಾಲ್ಕಾರು ಆವರ್ತ ಕಳೆಯುವಷ್ಟರಲ್ಲಿ ಕೋಲು ಒಂದು ಸಾಸಿವೆಯಷ್ಟು ತಡವಾಗಿ ಬೀಳುತ್ತಿತ್ತು. ಆಮೇಲೆ ಎರಡು ಸಾಸಿವೆಯಷ್ಟು. ಗುಳಿಯಲ್ಲೇ ಬೀಳುತ್ತಿದ್ದ ಏಟು ಒಂದೊಂದು ಸಲ ಅಂಚಿಗೆ ಬೀಳತೊಡಗಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಮೈಮೇಲೆ ಗುಳಿಯ ಹೊರಗೊಂದು ಗೀರು ಬಿತ್ತು. ದಣಿವಿರಬೇಕು ಅಂದುಕೊಂಡೆ. ಅವರಿಗಂತೂ ಏನೂ ಅನ್ನಿಸಲಿಲ್ಲ. ಕೈ ನಿಧಾನವಾದ ಹಾಗೆ ಒಳಗಿನ ಎಣಿಕೆಯೂ ಜೊತೆಗೇ ನಿಧಾನವಾಗಿತ್ತು. ಹಾಗಿರುವಾಗ ಯಾರಿಗೆ ತಾನೆ ತಿಳಿಯುತ್ತದೆ?

ಬೇರೆ ಮಕ್ಕಳಿಗೆ ತೊಂದರೆಯಾಗಲಿಲ್ಲ. ಕೋಲಿನ ಹಿಂದೆ ಹೋಗುವವರು ಕೋಲು ನಿಧಾನವಾದರೆ ತಾವೂ ನಿಧಾನವಾದರು. ಹಂಸವೇಣಿಯ ಪಾದ ಮಾತ್ರ ಹಿಡಿದ ಕಾಲವನ್ನು ಬಿಡಲಿಲ್ಲ. ಅದು ಬೀಳಬೇಕಾದಲ್ಲಿ ಬಿತ್ತು. ಕೋಲು ಆಮೇಲೆ ಬಿತ್ತು.

"ಎಲ್ಲಿಗೆ ಓಡ್ತೀಯಾ? ನಿಮ್ಮಪ್ಪನ ಡಿಪೋ ಬಸ್ಸು ಹೊರಟುಹೋಗುತ್ತಾ?"

ಮಕ್ಕಳೆಲ್ಲ ನಕ್ಕರು. ಹಂಸವೇಣಿಯೂ ನಕ್ಕಳು. ಮೊದಲ ದಿನ.

ಮಾರನೇ ವಾರವೂ ಅದೇ. ಅದರ ಮುಂದಿನ ವಾರ ಮೇಷ್ಟ್ರಿಗೆ ತಮಾಷೆ ಉಳಿದಿರಲಿಲ್ಲ. ತಟ್ಟುವುದನ್ನು ನಿಲ್ಲಿಸಿ ಸುಮ್ಮನೆ ಅವಳನ್ನು ನೋಡುತ್ತಿದ್ದರು. ಬೈಗುಳಕ್ಕಿಂತ ಅದು ಕಷ್ಟ.

"ಮೇಷ್ಟ್ರೇ, ನಾನು ಕೋಲು ಕೇಳ್ಕೊಂಡೇ..."

"ನೀನು ಕೋಲು ಕೇಳ್ತಿಲ್ಲ. ನಿನ್ನನ್ನ ನೀನು ಕೇಳ್ಕೋತಿದೀಯ. ಜಂಬ ಬಂದಿದೆ ನಿಂಗೆ."

ಜಂಬ! ಆ ಹುಡುಗಿಗೆ! ಅವಳು ಬಾಗಿಲ ಮರೆಯಲ್ಲಿ ನಿಂತು ಮೂಗು ಒರೆಸಿಕೊಂಡು ಮತ್ತೆ ಬಂದು ಅರೆಮಂಡಿಯಲ್ಲಿ ಕೂತಳು. ಆ ದಿನದಿಂದ ಅವಳು ಒಂದು ಹೊಸ ಕೆಲಸ ಕಲಿತಳು. ಪಾದ ಎತ್ತಿ ಕಾಯುವುದು. ತನ್ನೊಳಗೆ ಏಟು ಬಿದ್ದಾಗಿರುತ್ತಿತ್ತು. ಅದನ್ನು ನುಂಗಿಕೊಂಡು, ಕೋಲಿನ ಕಡೆ ಕಣ್ಣಿಟ್ಟು, ಅದು ಇಳಿದ ಮೇಲೆ ಪಾದ ಇಳಿಸುವುದು. ಕೆಲವು ಸಲ ಸಾಧ್ಯವಾಗುತ್ತಿತ್ತು. ಕೆಲವು ಸಲ ಪಾದ ಮಾತು ಕೇಳದೆ ನಿಜವಾದ ಜಾಗದಲ್ಲೇ ಬೀಳುತ್ತಿತ್ತು. ಬಿದ್ದಾಗಲೆಲ್ಲ ಬೈಗುಳ.

ತಪ್ಪು ಹೇಳುತ್ತಿದ್ದದ್ದು ಮೇಷ್ಟ್ರ ಕೈಯಾದರೂ ಅದಕ್ಕೆ ದನಿಯಾದವಳು ನಾನು. ಪ್ರತಿ ಏಟಿಗೂ ಕೂಗಿಕೊಳ್ಳುತ್ತಿದ್ದೆ: ಅವಳು ಸರಿ, ಅವಳು ಸರಿ! ಹೊರಗೆ ಕೇಳುತ್ತಿದ್ದದ್ದು ಮಾತ್ರ ಬರೀ ಠಕ್, ಠಕ್.

ರಂಗಪ್ರವೇಶಕ್ಕೆ ಹದಿನೈದು ದಿನ ಉಳಿದಿತ್ತು. ಸರೋಜಮ್ಮ ಹೊಲಿದ ಉಡುಪನ್ನು ತೋರಿಸಲು ತಂದಿದ್ದರು. ಅವರ ಮುಂದೆಯೇ ಮೇಷ್ಟ್ರು ಕೊನೆಯ ಸಲ ಪರೀಕ್ಷೆ ಇಟ್ಟರು. ಕನಕಮ್ಮನ ಪರೀಕ್ಷೆ. ಎಂಟು ತಟ್ಟಿದರು, ಕೋಲು ಎತ್ತಿದರು. ಹಂಸವೇಣಿ ಕಣ್ಣು ಮುಚ್ಚಿಕೊಂಡಳು. ಕೋಲಿನ ಮೇಲೆ ಕಣ್ಣಿಟ್ಟರೆ ಮೋಸ ಅನ್ನಿಸಿತೋ ಏನೋ. ಸರಿಯಾದ ಜಾಗಕ್ಕೆ ಚಪ್ಪಾಳೆ ಬಿತ್ತು. ಕೋಲು ಇನ್ನೂ ಮೇಲೆಯೇ ಇತ್ತು. ಅವಳ ಚಪ್ಪಾಳೆಯ ಸದ್ದು ಪೂರ್ತಿ ಅಡಗಿದ ಮೇಲೆ ನಾನು ಠಕ್ ಎಂದೆ. ಆ ನಡುಮನೆಯಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ.

ಮೇಷ್ಟ್ರು ಕೋಲನ್ನು ಕೆಳಗಿಟ್ಟರು.

"ತಾಯಿ, ರಂಗಪ್ರವೇಶ ಬೇಡ. ಈ ಹುಡುಗಿಗೆ ಲಯ ಇಲ್ಲ."

"ಏನಂತೀರಿ ಮೇಷ್ಟ್ರೇ! ಒಂಬತ್ತು ವರ್ಷದವಳಿಗೇ ಇತ್ತು ಅಂತ ನೀವೇ ಅಂತಿದ್ರಲ್ಲ!"

"ಇತ್ತು. ಈಗ ಇಲ್ಲ. ಕೆಲವರಿಗೆ ಹಾಗಾಗುತ್ತೆ. ಲಯ ಇಲ್ಲದವಳನ್ನ ರಂಗ ಹತ್ತಿಸಿ ನನ್ನ ಅತ್ತೆ ಹೆಸರು ಕೆಡಿಸಲಾರೆ." ಹೀಗೆ ಹೇಳುವುದು ಅವರಿಗೆ ಸುಲಭವಾಗಿತ್ತು ಅಂದುಕೊಳ್ಳಬೇಡಿ.

ಹಂಸವೇಣಿ ಗೆಜ್ಜೆ ಬಿಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಮೇಷ್ಟ್ರೇ, ನಂಗೆ ಒಳಗೆ ಸರಿಯಾಗೇ ಬಿತ್ತು ಅನ್ಸುತ್ತೆ. ಪ್ರತಿ ಸಲಾನೂ ಅನ್ಸುತ್ತೆ. ಅದೂ ತಪ್ಪಾ?"

"ಅದೇ ದೊಡ್ಡ ತಪ್ಪು ಮಗು. ಇನ್ಮೇಲೆ ಅದನ್ನ ನಂಬಬೇಡ."

ಅವಳು ತಲೆಯಾಡಿಸಿದಳು. ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕ ಇಟ್ಟಳು. ಬೆರಳಿನಿಂದ ನನ್ನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೆರಳು ಒದ್ದೆಯಾಗಿತ್ತು. ಗುರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸುವ ಹುಡುಗಿ ಅವಳು. ಈ ಮಾತನ್ನೂ ಪಾಲಿಸಿದಳು.

ಆಮೇಲೆ ಮೇಷ್ಟ್ರ ಕಾಯಿಲೆ ಮೆಲ್ಲಗೆ ಹೊರಗೆ ಬಂತು. ಸಹಿ ಚಿಕ್ಕದಾಯಿತು. ನಡೆಯುವಾಗ ಬಲಗೈ ಬೀಸುವುದು ನಿಂತಿತು. ಮುಖದಲ್ಲಿ ನಗು ಮೂಡುವುದೇ ಕಷ್ಟವಾಯಿತು. ಒಳಗೆ ನಗುತ್ತಿದ್ದರೂ ಮುಖ ಗೋಡೆಯ ಹಾಗಿರುತ್ತಿತ್ತು. ಕೈ ನಡುಗತೊಡಗಿದ ಮೇಲೆ ಡಾಕ್ಟರ ಹತ್ತಿರ ಹೋದರು. ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ ಅಂದರಂತೆ. ಪಾಠ ನಿಂತಿತು. ನನ್ನ ಮೇಲೆ ಧೂಳು ಕೂತಿತು. ಹಂಸವೇಣಿಯ ಗೆಜ್ಜೆ ನನ್ನ ಪಕ್ಕದಲ್ಲೇ ಇತ್ತು.

ಆರು ವರ್ಷ ಹೀಗೆಯೇ. ಕೊನೆಕೊನೆಗೆ ಮೇಷ್ಟ್ರಿಗೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಹೊಸ್ತಿಲ ಮುಂದೆ ಬಂದು ನಿಂತರೆ ಪಾದ ನೆಲಕ್ಕೆ ಅಂಟಿದಂತೆ ಅಲ್ಲೇ ನಿಂತುಬಿಡುವುದು. ಲೆಕ್ಕ ಹೇಳಿ, ತಾಳ ಹಾಕಿ, ಇಂಥವರಿಗೆ ಹೆಜ್ಜೆ ಏಳುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಅಲಮೇಲಮ್ಮ ಚಪ್ಪಾಳೆ ತಟ್ಟಿ ನೋಡಿದರು. ಆಗಲಿಲ್ಲ. ಒಂದು ಬೆಳಿಗ್ಗೆ ಅವರು ನನ್ನ ಮುಂದೆ ಬಂದು ಕೂತರು. ಸೆರಗಿನಿಂದ ನನ್ನ ಧೂಳು ಒರೆಸಿದರು. ಸ್ವಲ್ಪ ಹೊತ್ತು ಕೋಲನ್ನೇ ನೋಡಿದರು.

"ನಾನು ಮುಟ್ಟಬೌದೇನ್ರೀ?"

ಹೊಸ್ತಿಲಲ್ಲಿ ನಿಂತಿದ್ದ ಮೇಷ್ಟ್ರು ಕಣ್ಣಲ್ಲೇ ಹೂಂ ಅಂದರು.

ಮೂವತ್ತೈದು ವರ್ಷ ನನ್ನ ಸುತ್ತ ಗುಡಿಸಿದ ಕೈ ಅದು. ಕೋಲು ಹಿಡಿಯಲು ಬರುತ್ತಿರಲಿಲ್ಲ. ಸೌಟಿನ ಹಾಗೆ ಹಿಡಿದರು. ತಟ್ಟಿದರು. ಒಂದು, ಎರಡು, ಮೂರು. ನನ್ನ ಮೈ ಝುಮ್ಮೆಂದಿತು. ಅದು ಕನಕಮ್ಮನ ಕಾಲ! ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ, ಎಂಟು, ಹದಿನಾರು, ಮೂವತ್ತೆರಡು, ಅದೇ ಅಂತರ. ಮೇಷ್ಟ್ರ ಪಾದ ಎದ್ದಿತು. ಹೊಸ್ತಿಲು ದಾಟಿತು. ನಡುಮನೆಯ ಮಧ್ಯಕ್ಕೆ ಬಂದು ಅವರು ನಿಂತರು.

"ಯಾಕೆ... ಹಿಂಗೆ ಓಡ್ತೀಯಾ?" ಅಂದರು. ದನಿ ಪಿಸುಮಾತಿನಷ್ಟಾಗಿತ್ತು.

"ನಾನೆಲ್ಲಿ ಓಡ್ದೆ? ಇದು ನಿಮ್ದೇ ಅಲ್ವಾ?"

"ನಂದಲ್ಲ. ಇದು ಜೋರು."

"ನಿಮ್ದೇ ರೀ. ನಿಮ್ಮ ಈ ಠಕ್ ಠಕ್ಕಿಗೆ ಎಷ್ಟು ಕಾಯಿ ತುರಿದಿದೀನಿ ನಾನು! ಮರೆತೋಗುತ್ತಾ? ಆಮೇಲಾಮೇಲೆ ನಿಮ್ಮ ಕೈ ಎಳೆಯೋಕೆ ಶುರು ಮಾಡ್ತು. ನಂಗೆ ತುರಿಯೋದು ತಪ್ಪೋಗ್ತಿತ್ತು. ಒಂದ್ಸಲ ಬೆರಳು ಬೇರೆ ಕುಯ್ಕೊಂಡೆ."

"ಯಾವಾಗ?"

"ಅದೇ ಆ ಸಂಕ್ರಾಂತಿಗೆ. ಹಂಸನ ಉಡುಪಿಗೆ ಸರೋಜಮ್ಮ ಸೀರೆ ಕತ್ತರಿಸಿದ್ರಲ್ಲ, ಆ ವರ್ಷ. ಬೆರಳಿಗೆ ಬಟ್ಟೆ ಕಟ್ಕೊಂಡೇ ಎಳ್ಳು ಬೀರೋಕೆ ಹೋಗಿದ್ದೆ."

ಮೇಷ್ಟ್ರು ಗೋಡೆ ಹಿಡಿದುಕೊಂಡರು. "ನಂಗ್ಯಾಕೆ ಹೇಳ್ಲಿಲ್ಲ?"

ಅಲಮೇಲಮ್ಮನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ನಕ್ಕರು. "ಚೆನ್ನಾಗಿದೆ! ತಾಳದ ವಿಷಯ ನಿಮಗೆ ನಾನು ಹೇಳೋದಾ? ಅಡುಗೆಮನೇಲಿರೋಳು?"

ಮೇಷ್ಟ್ರು ಗೋಡೆ ಸವರುತ್ತ ಸವರುತ್ತ ನೆಲಕ್ಕೆ ಕೂತು, ನನ್ನ ಕಡೆ ಬೆರಳು ಚಾಚಿದರು. ನಡುಗುವ ಬೆರಳು ನನ್ನ ಗುಳಿಯನ್ನು ಹುಡುಕಿತು. ಆಮೇಲೆ ಗುಳಿಯ ಸುತ್ತ ಬಿದ್ದಿದ್ದ ಗೀರುಗಳನ್ನು ಒಂದೊಂದಾಗಿ ಮುಟ್ಟಿತು. ಅಷ್ಟು ಗೀರುಗಳಿವೆ ಎಂದು ಅವರು ಯಾವತ್ತೂ ನೋಡಿರಲಿಲ್ಲ.

"ಅವಳನ್ನ ಕರೆಸು" ಅಂದರು.

ಹಂಸವೇಣಿ ಒಂದು ಭಾನುವಾರ ಬೆಳಿಗ್ಗೆ ಬಂದಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ತಾನೇ ಬಾಡಿಗೆಗೆ ಒಂದು ಪುಟ್ಟ ಮನೆ ಮಾಡಿಕೊಂಡಿದ್ದೇನೆ ಎಂದು ಅಲಮೇಲಮ್ಮನಿಗೆ ಹೇಳಿದಳು. ಒಳಗೆ ಹಾಲು ಕಾಯಲು ಇಟ್ಟಿದ್ದರು. ಹಂಸವೇಣಿ ತನ್ನ ಮೊಬೈಲು ತೆಗೆದು ಏನೋ ಒತ್ತಿದಳು.

"ಯಾರಿಗೆ ಫೋನು?"

"ಫೋನಲ್ಲ ಅಮ್ಮ, ಟೈಮರು. ಹಾಲು ಉಕ್ಕದ ಹಾಗೆ. ನಂಗೆ ಅಂದಾಜು ಸಾಲಲ್ಲ. ಲ್ಯಾಬಲ್ಲೂ ನಗ್ತಾರೆ, ಹಲ್ಲುಜ್ಜೋಕೂ ಟೈಮರ್ ಇಟ್ಕೋತಾಳೆ ಅಂತ." ಅವಳೂ ನಕ್ಕಳು.

ನಾನು ಮೂಲೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡೆ. ಓಣಿಯ ಕೊನೆಯ ನಲ್ಲಿ ಮುಟ್ಟಿ ಬಂದು ಏಟಿಗೆ ಸರಿಯಾಗಿ ಚಪ್ಪಾಳೆ ತಟ್ಟಿದ ಹುಡುಗಿ.

ಮೇಷ್ಟ್ರು ಅವಳನ್ನು ಹತ್ತಿರ ಕೂರಿಸಿಕೊಂಡರು. ಮಾತು ಕೂಡಿಸಲು ಬಹಳ ಹೊತ್ತು ಹಿಡಿಯಿತು. ಅವಳು ಕಾದಳು.

"ಮಗು. ನೀನು ಓಡ್ಲಿಲ್ಲ. ನಾನು... ಹಿಂದೆ ಬಿದ್ದಿದ್ದೆ. ಕಾಯಿಲೆ ಆಗ್ಲೇ ಬಂದಿತ್ತು. ನಿನ್ನ ಲಯ ಸರಿಯಾಗಿತ್ತು. ಪ್ರತಿ ಸಲಾನೂ."

ಹಂಸವೇಣಿ ಮೊದಲು ಅಲಮೇಲಮ್ಮನ ಮುಖ ನೋಡಿದಳು. ಅವರು ಸೆರಗು ಬಾಯಿಗೆ ಒತ್ತಿಕೊಂಡು ಹೌದೆಂದು ತಲೆಯಾಡಿಸಿದರು. ಆಮೇಲೆ ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು.

"ಬಿಡಿ ಮೇಷ್ಟ್ರೇ" ಅಂದಳು. "ಆಗಿದ್ದಾಯ್ತು."

"ಇಲ್ಲ. ಒಂದ್ಸಲ. ಅಲಮೇಲು, ತಟ್ಟು."

ಹಂಸವೇಣಿ ಬೇಡ ಅನ್ನಲಿಲ್ಲ. ಗುರು ಹೇಳಿದರೆ ಎದ್ದು ನಿಲ್ಲುವವಳು. ಅಲಮೇಲಮ್ಮ ಎಂಟು ತಟ್ಟಿದರು, ಕನಕಮ್ಮನ ಎಂಟು. ಕೋಲು ಎತ್ತಿದರು. ನಡುಮನೆ ನಿಶ್ಶಬ್ದವಾಯಿತು. ನನಗೆ ಎದೆಯೆಂಬುದಿದ್ದರೆ ಒಡೆಯುತ್ತಿತ್ತು. ಒಂದು, ಎರಡು, ನಾನು ಎಣಿಸುತ್ತಿದ್ದೆ. ಐದು, ಆರು. ಅವಳ ಕೈಗಳು ಒಂದರ ಹತ್ತಿರ ಒಂದು ಬಂದಿದ್ದವು. ಏಳು. ಎಂಟು. ಈಗ, ಮಗು, ಈಗ!

ಕೋಲು ಇಳಿಯಿತು. ನಾನು ಠಕ್ ಎಂದೆ. ಆಮೇಲೆ ಅವಳ ಚಪ್ಪಾಳೆ.

ಅವಳ ಕಣ್ಣು ಉದ್ದಕ್ಕೂ ಕೋಲಿನ ಮೇಲೆಯೇ ಇತ್ತು.

ಇನ್ನೊಂದು ಸಲ. ಮತ್ತೆ ಹಾಗೆಯೇ, ಮೊದಲು ನಾನು, ಆಮೇಲೆ ಅವಳು. ಮೂರನೆಯ ಸಲಕ್ಕೆ ಅವಳೇ ಅಂದಳು: "ಅಮ್ಮ, ಸಾಕು. ನೀವು ಇಳಿಸಿದ್ಮೇಲೇ ನಂಗೆ ಗೊತ್ತಾಗೋದು. ಒಳಗಡೆ ಏನೋ ಬರುತ್ತೆ. ಬಂದ ತಕ್ಷಣ ಕೈ ತಡೆಯುತ್ತೆ. ತಡೀಬೇಡ ಅಂದ್ರೂ ತಡೆಯುತ್ತೆ."

ಆ ಮಾತು ಕೇಳಿಯೂ ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಕಾಯಿಲೆ ಅಳುವುದನ್ನೂ ಕಸಿದುಕೊಂಡಿತ್ತು. ಬಲಗಣ್ಣಿನಿಂದ ಮಾತ್ರ ನೀರು ಒಂದೇ ಸಮ ಇಳಿಯುತ್ತಿತ್ತು. ಹಂಸವೇಣಿ ತನ್ನ ದುಪಟ್ಟಾದ ತುದಿಯಿಂದ ಅದನ್ನು ಒರೆಸಿದಳು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಟೈಮರು ಕೂಗಿತು. ಅವಳು ಎದ್ದು ಹೋಗಿ ಹಾಲು ಇಳಿಸಿದಳು.

ಆ ವರ್ಷ ವಿಜಯದಶಮಿಗೆ ಮುಂಚೆ ಮೇಷ್ಟ್ರು ತೀರಿಕೊಂಡರು. ಅಲಮೇಲಮ್ಮ ನನ್ನನ್ನೂ ಕೋಲನ್ನೂ ಗೆಜ್ಜೆಯನ್ನೂ ಒಂದು ಹಳೆಯ ಪಂಚೆಯಲ್ಲಿ ಸುತ್ತಿ, ತಾವೇ ಆಟೋದಲ್ಲಿ ಬಂದು ಹಂಸವೇಣಿಗೆ ಕೊಟ್ಟರು. "ಇದು ನಿಂಗೆ ಅಂತ ನಿನ್ನ ಒಂಬತ್ತನೇ ವಯಸ್ಸಿಗೇ ಹೇಳಿದ್ರು ಕಣೇ. ಕುಣೀಬೇಡ, ಕಲಿಸಬೇಡ. ಇಟ್ಕೋ ಸಾಕು."

ಈಗ ನಾನು ಅವಳ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಇದ್ದೇನೆ. ಬೇರೆಡೆ ಜಾಗವಿಲ್ಲ, ಅಷ್ಟು ಚಿಕ್ಕ ಮನೆ. ಗೆಜ್ಜೆ ಕಪಾಟಿನಲ್ಲಿದೆ. ಕೋಲು ನನ್ನ ಪಕ್ಕದಲ್ಲಿ ಮಲಗಿದೆ. ಅದನ್ನು ಅವಳು ಯಾವತ್ತೂ ಎತ್ತಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಬಂದು ನನ್ನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಆಮೇಲೆ ಹಾಲಿಟ್ಟು ಟೈಮರು ಒತ್ತುತ್ತಾಳೆ.

ನನಗೆ ವಯಸ್ಸಾಗಿದೆ. ಕಿಟಕಿಯ ಬಿಸಿಲಿಗೆ ಒಂದು ಮಗ್ಗುಲಲ್ಲಿ ಸೀಳು ಬಿಟ್ಟಿದೆ. ಈಗ ಹೊಡೆದರೂ ಹಳೆಯ ದನಿ ಬರಲಾರದು. ಒಮ್ಮೊಮ್ಮೆ ಮಾಂಸದಂಗಡಿಗೆ ಹೋದ ಅಣ್ಣನ ನೆನಪಾಗುತ್ತದೆ. ಅವನ ಮೇಲೆ ಬಿದ್ದ ಕತ್ತಿ ಒಂದು ಜೀವ ಹೋದ ಮೇಲೆ ಬಿದ್ದದ್ದು. ನನ್ನ ಮೇಲೆ ಬಿದ್ದ ಕೋಲು ಹಾಗಲ್ಲ.

ನಿನ್ನೆ ಬೆಳಿಗ್ಗೆಯ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಹಾಲು ಒಲೆಯ ಮೇಲಿತ್ತು. ಹಂಸವೇಣಿ ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಎದುರು ಮನೆಯ ತಂತಿಯ ಮೇಲೆ ಯಾರದ್ದೋ ಹಸಿರು ಸೀರೆ ಒಣಗುತ್ತಿತ್ತು. ಅವಳ ಬಲಗೈ ನನ್ನ ಮೇಲಿತ್ತು. ತೋರುಬೆರಳು ಗುಳಿಯೊಳಗೆ ಮೆಲ್ಲಗೆ ತಟ್ಟಿತು. ಒಂದು, ಎರಡು. ಅವಳಿಗೆ ಗೊತ್ತಿಲ್ಲ. ಎಂಟರವರೆಗೆ ತಟ್ಟಿ ಬೆರಳು ಮೇಲೆದ್ದಿತು. ಸೀರೆ ಗಾಳಿಗೆ ಆಡುತ್ತಿತ್ತು. ಅವಳ ಮನಸ್ಸು ಎಲ್ಲೋ ಇತ್ತು. ನಾನು ಉಸಿರು ಬಿಗಿಹಿಡಿದು ಎಣಿಸಿದೆ. ಎಂಟು ಕಳೆಯಿತು. ಬೆರಳು ಇಳಿಯಿತು. ಇಳಿಯಬೇಕಾದ ಜಾಗಕ್ಕೆ, ಇಳಿಯಬೇಕಾದ ಹೊತ್ತಿಗೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ.

ಆಗ ಟೈಮರು ಕೂಗಿತು. ಅವಳು ಬೆಚ್ಚಿ, ನನ್ನ ಮೇಲಿದ್ದ ತನ್ನ ಬೆರಳನ್ನು ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಸರಿಯಾಗಿತ್ತು ಮಗು, ಎಂದು ಹೇಳಬೇಕಿತ್ತು ನನಗೆ. ಆದರೆ ಬೆರಳು ಎತ್ತಿಯಾಗಿತ್ತು.